ಸಾಧಾರಣ ಡ್ಯಾನ್ಸ್ ಹಾಡನ್ನು ಒಳ್ಳೆ ರೀಮಿಕ್ಸ್ ಉಳಿಸಬಲ್ಲದಾ? ನಮ್ಮ ಕಡೆಯ ಡಿಜೆಗಳು, ಕೇಳುಗರು ಹೇಳಿ

ಗೋಕುಲರಸ್ತೆ_ಮಿಕ್ಸ್

ಹುಬ್ಬಳ್ಳಿ ಸುತ್ತಮುತ್ತ ಮದುವೆ, ಗಣಪತಿ ಮೆರವಣಿಗೆ, ಕಾಲೇಜು ಗ್ಯಾದರಿಂಗ್ ಎಲ್ಲಕ್ಕೂ ಹಾಡು ಹಾಕುವವನು ನಾನು. ಬಹಳ ದಿನದಿಂದ ತಲೆಯಲ್ಲಿ ಓಡುತ್ತಿರುವ ಮಾತೊಂದನ್ನು ಇಲ್ಲಿ ಇಡುತ್ತೇನೆ. ಏನೂ ವಿಶೇಷ ಇಲ್ಲದ ಡ್ಯಾನ್ಸ್ ಹಾಡು ಕೂಡ ಒಳ್ಳೆ ರೀಮಿಕ್ಸ್ ಮಾಡುವವರ ಕೈಗೆ ಸಿಕ್ಕರೆ ಬೇರೆಯೇ ಹಾಡಾಗುತ್ತದೆ. ಬೇಸ್ ಜಾಸ್ತಿ ಮಾಡಿ, ಸೌಂಡ್ ಏರಿಸಿ, ನಡುವೆ ಡಿಜೆ ಹೆಸರು ಕೂಗಿಸಿದ ಮಿಕ್ಸ್‌ಗಳ ಬಗ್ಗೆ ನಾನು ಹೇಳುತ್ತಿಲ್ಲ. ಅವು ಮೂಲ ಹಾಡಿಗಿಂತ ಜೋರಾಗಿರುತ್ತವೆ, ಅಷ್ಟೇ.

ಹೋದ ಸೀಸನ್‌ನಲ್ಲಿ ಎಲ್ಲ ಮದುವೆಗಳಲ್ಲೂ ಕೇಳಿ ಹಾಕಿಸುತ್ತಿದ್ದ ಒಂದು ಹಾಡಿತ್ತು. ಹೆಸರು ಬೇಡ, ಮಾಡಿದವರಿಗೆ ಬೇಜಾರಾಗಬಾರದು. ಜನ ಕೇಳಿ ಹಾಕಿಸುತ್ತಿದ್ದರು, ಆದರೆ ಹಾಕಿದ ಮೇಲೆ ಯಾರೂ ಕುಣಿಯುತ್ತಿರಲಿಲ್ಲ. ಶುರುವಿನ ಸಂಗೀತವೇ ಮುಕ್ಕಾಲು ನಿಮಿಷ. ಪಲ್ಲವಿಯಲ್ಲಿ ಒಂದು ಸಾಲು ಮಾತ್ರ ನಿಜವಾಗಿ ಚಂದ. ಅದು ಇಡೀ ಹಾಡಿನಲ್ಲಿ ಮೂರೇ ಸಲ ಬರುತ್ತದೆ. ಉಳಿದ ಜಾಗದಲ್ಲೆಲ್ಲ ಸಿಂಥ್ (ಕೀಬೋರ್ಡಿನ ಎಲೆಕ್ಟ್ರಾನಿಕ್ ಸದ್ದು), ಅದರ ಮೇಲೆ ಇನ್ನೊಂದು ಸಿಂಥ್, ಬಿಡುವಿಲ್ಲದ ಚಪ್ಪಾಳೆ ಸದ್ದು.

ಧಾರವಾಡದ ಹುಡುಗನೊಬ್ಬ ಅದನ್ನು ರೀಮಿಕ್ಸ್ ಮಾಡಿದ. ಮೊದಲು ಸಿಂಥ್ ಪೂರ್ತಿ ತೆಗೆದ. ವೇಗ 108 ಬಿಪಿಎಂ (ನಿಮಿಷಕ್ಕೆ 108 ಬೀಟ್) ಇದ್ದದ್ದನ್ನು 116ಕ್ಕೆ ತಂದ. ಆ ಚಂದದ ಸಾಲಿನ ಕೊನೆಯ ಎರಡು ಮಾತನ್ನು ಮಾತ್ರ ಕತ್ತರಿಸಿ, ಶುರುವಿನಲ್ಲೇ ಒಣ ಕಿಕ್ (ದೊಡ್ಡ ಡ್ರಮ್ಮಿನ ದಬ್ ದಬ್ ಪೆಟ್ಟು) ಮೇಲೆ ಇಟ್ಟ. ಪೂರ್ತಿ ಸಾಲು ಎಲ್ಲಿ ಬರುತ್ತದೆ ಅಂತ ಕಾಯುವ ಹಾಗೆ ಆಯಿತು. ಒಂದು ನಿಮಿಷ ಕಾಯಿಸಿ, ಎಲ್ಲ ವಾದ್ಯ ನಿಲ್ಲಿಸಿ, ಗಾಯಕಿಯ ದನಿ ಒಂದನ್ನೇ ಬಿಟ್ಟ. ಆಮೇಲೆ ಬೇಸ್. ಊಟದ ಸಾಲಿನಲ್ಲಿ ನಿಂತವರೂ ತಿರುಗಿ ನೋಡುತ್ತಾರೆ ಆ ಜಾಗದಲ್ಲಿ. ಅವನು ಹೊಸದಾಗಿ ಸೇರಿಸಿದ್ದು ಒಂದು ಕಿಕ್, ಒಂದು ಬೇಸ್ ಲೈನ್. ತೆಗೆದು ಹಾಕಿದ್ದೇ ಜಾಸ್ತಿ.

ಹೊರಗಿನ ದೊಡ್ಡ ಉದಾಹರಣೆ ಬೇಕೆಂದರೆ 'ಮಿಸ್ಸಿಂಗ್' ಇದೆ. ಎವರಿಥಿಂಗ್ ಬಟ್ ದ ಗರ್ಲ್ ಅನ್ನುವ ಇಂಗ್ಲೆಂಡಿನ ಜೋಡಿ 1994ರಲ್ಲಿ ಹಾಡಿದ್ದು. ಮೆಲ್ಲಗಿನ ಹಾಡು. ಆಗ ಅಷ್ಟಾಗಿ ಓಡಲಿಲ್ಲ. ಮರುವರ್ಷ ನ್ಯೂಯಾರ್ಕಿನ ಟಾಡ್ ಟೆರ್ರಿ ಮಾಡಿದ ರೀಮಿಕ್ಸ್ ಜಗತ್ತೆಲ್ಲ ಓಡಿತು, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. ಅವರು ಜೋಡಿಯ ಗಾಯಕಿ ಟ್ರೇಸಿ ಥಾರ್ನ್ ದನಿಯನ್ನು ಮುಟ್ಟಲಿಲ್ಲ. ಅದರ ಕೆಳಗೆ ಗಟ್ಟಿ ಡ್ರಮ್, ಬೇಸ್ ಇಟ್ಟರು. ಅದೇ ದುಃಖದ ದನಿಗೆ ಜನ ಕುಣಿದರು.

ನಿಮ್ಮ ಅನುಭವ ಹೇಳಿ. ಯಾವ ರೀಮಿಕ್ಸ್ ಹಾಡನ್ನು ಎತ್ತಿತು, ಯಾಕೆ ಅಂತ.

ವಿದ್ಯಾನಗರ_ಕೇಳುಗ

ಮಾತು ಚೆನ್ನಾಗಿದೆ, ಆದರೆ ನಿಮ್ಮ ಉದಾಹರಣೆ ನಿಮ್ಮ ಮಾತಿಗೇ ಎದುರು ನಿಲ್ಲುತ್ತದೆ. 'ಮಿಸ್ಸಿಂಗ್' ಸಾಧಾರಣ ಹಾಡಲ್ಲ. ಮೂಲವೇ ಗಟ್ಟಿ ಇತ್ತು. ಕುಣಿಯುವವರ ತನಕ ತಲುಪಿರಲಿಲ್ಲ, ಅಷ್ಟೇ. ಸುಜಾನ್ ವೇಗಾ ಹಾಡಿದ 'ಟಾಮ್ಸ್ ಡೈನರ್' ಕೂಡ ಹಾಗೆಯೇ. 1987ರ ಆಲ್ಬಮ್‌ನಲ್ಲಿ ವಾದ್ಯವೇ ಇಲ್ಲದೆ ಬರೀ ದನಿಯಲ್ಲಿತ್ತು. 1990ರಲ್ಲಿ ಡಿಎನ್‌ಎ ಅನ್ನುವ ಇಬ್ಬರು ಅದರ ಕೆಳಗೆ ಬೀಟ್ ಕೂರಿಸಿದರು, ಇಂಗ್ಲೆಂಡಿನಲ್ಲಿ 2ನೇ ಸ್ಥಾನಕ್ಕೆ ಬಂತು. ಅದು ಒಳ್ಳೆ ಹಾಡಿಗೆ ಒಳ್ಳೆ ಬೀಟ್ ಸಿಕ್ಕ ಕಥೆ.

ನಿಜವಾಗಿ ಟೊಳ್ಳಾದ ಹಾಡನ್ನು ಯಾವ ರೀಮಿಕ್ಸೂ ಉಳಿಸುವುದಿಲ್ಲ. ರಾಗ ಇಲ್ಲ, ಸಾಹಿತ್ಯ ಇಲ್ಲ, ಹಾಡಿದ ದನಿಯಲ್ಲಿ ಜೀವ ಇಲ್ಲ ಅಂದರೆ ಯಾರು ಬಂದು ಏನು ಮಾಡಬೇಕು?

ಗೋಕುಲರಸ್ತೆ_ಮಿಕ್ಸ್

ಒಪ್ಪುತ್ತೇನೆ, ಅರ್ಧ. ಪೂರ್ತಿ ಟೊಳ್ಳಾದ ಹಾಡು ಬೇರೆ, ಸಾಧಾರಣ ಹಾಡು ಬೇರೆ. ಸಾಧಾರಣ ಹಾಡಿನಲ್ಲಿ ಎಲ್ಲೋ ಒಂದು ಕಡೆ ಜೀವ ಇರುತ್ತದೆ. ಒಂದು ಸಾಲು, ಒಂದು ಉಸಿರು, ಡೋಲಕ್‌ನ ಒಂದು ಉರುಳಿಕೆ. ಮಾಡಿದವರಿಗೇ ಅದು ಕಂಡಿರುವುದಿಲ್ಲ, ಸುಮ್ನೆ ದಾಟಿ ಹೋಗಿರುತ್ತಾರೆ. ರೀಮಿಕ್ಸ್ ಮಾಡುವವನ ಕೆಲಸ ಅದನ್ನು ಹುಡುಕುವುದು.

ಇನ್ನೊಂದು ವಿಷಯ. ಕೇಳಲು ಒಳ್ಳೆಯದಾದ ಹಾಡು ಕುಣಿಯಲು ಸಾಧಾರಣ ಆಗಿರಬಹುದು ಅಲ್ವಾ? ಕಾರ್ನರ್‌ಶಾಪ್ ಬ್ಯಾಂಡಿನ 'ಬ್ರಿಮ್‌ಫುಲ್ ಆಫ್ ಆಶಾ' ನೋಡಿ. ನಮ್ಮ ಆಶಾ ಭೋಸ್ಲೆ ಮೇಲಿನ ಪ್ರೀತಿಯಿಂದ ಮಾಡಿದ ಹಾಡು. 1997ರಲ್ಲಿ ಬಂದಾಗ ಇಂಗ್ಲೆಂಡಿನ ಪಟ್ಟಿಯಲ್ಲಿ 60ನೇ ಸ್ಥಾನ. ನಾರ್ಮನ್ ಕುಕ್, ಅಂದರೆ ಫ್ಯಾಟ್‌ಬಾಯ್ ಸ್ಲಿಮ್, ಅದರ ವೇಗ ಹೆಚ್ಚಿಸಿ, ಶ್ರುತಿ ಏರಿಸಿ, ದಪ್ಪ ಡ್ರಮ್ ಹಾಕಿದರು. 1998ರ ಫೆಬ್ರುವರಿಯಲ್ಲಿ 1ನೇ ಸ್ಥಾನ. ಹಾಡು ಅದೇ, ಸಾಹಿತ್ಯ ಅದೇ, ದನಿ ಅದೇ. ಮೂಲದಲ್ಲಿ ಕೂತು ತಲೆದೂಗಬಹುದಿತ್ತು. ಹೊಸದರಲ್ಲಿ ಕೂರಲು ಆಗುವುದಿಲ್ಲ.

ಹುಬ್ಬಳ್ಳಿ ರೈಲ್ವೆ ಊರು, ಹಾಗಾಗಿ ಇದನ್ನೂ ಹೇಳಲೇಬೇಕು. ಕಜಾಕ್‌ಸ್ತಾನದ ಅಕ್ಸು ಅನ್ನುವ ಊರಲ್ಲಿ ರೈಲ್ವೆಯಲ್ಲಿ ಕೆಲಸ ಮಾಡುತ್ತಿದ್ದ ಇಮಾನ್‌ಬೆಕ್ ಅನ್ನುವ ಹುಡುಗ, ಸೇಂಟ್ ಜಾನ್ ಅನ್ನುವ ಗಾಯಕನ 2016ರ 'ರೋಸಸ್' ಹಾಡನ್ನು ಎಫ್‌ಎಲ್ ಸ್ಟುಡಿಯೋ ಅನ್ನುವ ಸಾಫ್ಟ್‌ವೇರ್‌ನಲ್ಲಿ ರೀಮಿಕ್ಸ್ ಮಾಡಿದ. ದನಿಯ ಶ್ರುತಿ ಏರಿಸಿದ, ಪುಟಿಯುವ ಬೇಸ್ ಇಟ್ಟ. 2020ರಲ್ಲಿ ಅದು ಇಂಗ್ಲೆಂಡಿನಲ್ಲಿ 1ನೇ ಸ್ಥಾನಕ್ಕೆ ಹೋಯಿತು, 2021ರಲ್ಲಿ ಅವನಿಗೆ ರೀಮಿಕ್ಸ್ ವಿಭಾಗದ ಗ್ರ್ಯಾಮಿ ಬಂತು. ದೊಡ್ಡ ಸ್ಟುಡಿಯೋ ಇಲ್ಲ, ದೊಡ್ಡ ಊರಿಲ್ಲ. ನಮ್ಮ ಹುಡುಗರ ಕೈಯಲ್ಲಿ ಇರುವುದೂ ಅದೇ ಸಾಫ್ಟ್‌ವೇರ್.

ಬೆಟಗೇರಿ_ತಬಲಾ

ಗದಗಿನಿಂದ ನನ್ನ ಮಾತು ಸೇರಿಸುತ್ತೇನೆ. ನಾನು ಡಿಜೆ ಅಲ್ಲ, ತಬಲಾ ನುಡಿಸುವವನು. ನಮ್ಮ ಕಡೆಯ ರೀಮಿಕ್ಸ್‌ಗಳಲ್ಲಿ ನನಗೆ ನೋವಾಗುವುದು ಒಂದೇ ಕಡೆ, ಲಯದಲ್ಲಿ.

ನಮ್ಮ ಎಷ್ಟೋ ಜಾನಪದ ಹಾಡುಗಳು ಆರು ಮಾತ್ರೆಯ, ಅಂದರೆ ಆರು ಎಣಿಕೆಯ, ನಡೆಯಲ್ಲಿ ಇವೆ. ಮೂರು, ಮತ್ತೆ ಮೂರು. ದಾದ್ರಾ ಅಂತ ನಾವು ನುಡಿಸುವುದೂ ಆರು ಮಾತ್ರೆಯೇ. ಆ ನಡೆಯಲ್ಲಿ ಒಂದು ತೂಗು ಇದೆ. ಹಲಗಿ ಬಾರಿಸುವವರ ಕೈ ನೋಡಿ, ಮೂರನೆಯ ಪೆಟ್ಟು ಮುಂದಿನ ಮೊದಲ ಪೆಟ್ಟಿಗೆ ತಳ್ಳುತ್ತದೆ. ಕಾಲು ತಾನಾಗಿ ಏಳುವುದು ಅದರಿಂದ. ಈಗ ಏನಾಗುತ್ತಿದೆ? ಇಂಟರ್ನೆಟ್‌ನಿಂದ ಇಳಿಸಿದ ಹೌಸ್ ಅನ್ನುವ ಕ್ಲಬ್ ಸಂಗೀತದ ಲೂಪ್ (ಮತ್ತೆ ಮತ್ತೆ ತಿರುಗುವ ತುಂಡು) ಒಂದನ್ನು ಕೆಳಗೆ ಇಡುತ್ತಾರೆ. ಆ ಲೂಪ್‌ನಲ್ಲಿ ಒಂದು ಕಿಕ್‌ಗೆ ನಾಲ್ಕು ಭಾಗ. ಮೇಲೆ ಹಾಡಿನಲ್ಲಿ ಮೂರು ಭಾಗ. ಎರಡೂ ಒಂದಕ್ಕೊಂದು ಉಜ್ಜುತ್ತವೆ. ಅದನ್ನು ಸರಿ ಮಾಡಲು ಹಾಡಿದ ದನಿಯನ್ನೇ ಎಳೆದು, ಕತ್ತರಿಸಿ, ನಾಲ್ಕರ ಗೆರೆಗೆ ಕೂರಿಸುತ್ತಾರೆ. ಅಲ್ಲಿಗೆ ತೂಗು ಸತ್ತಿತು. ಹಾಡು ಮೆರವಣಿಗೆಯ ಕವಾಯತಿನ ಹಾಗೆ ಆಗುತ್ತದೆ.

ಸರಿ ಮಾಡುವ ದಾರಿ ಕಷ್ಟದ್ದಲ್ಲ. ಕಿಕ್ ಅನ್ನು ಮೊದಲ ಮತ್ತು ನಾಲ್ಕನೆಯ ಮಾತ್ರೆಗೆ ಇಡಿ. ಒಂದು ಆವರ್ತಕ್ಕೆ ಎರಡು ಕಿಕ್. ನಿಮಿಷಕ್ಕೆ 360 ಮಾತ್ರೆ ಓಡುತ್ತಿದ್ದರೆ ಕಿಕ್ 120 ಬೀಳುತ್ತದೆ. ಅದು ಹೌಸ್ ಸಂಗೀತದ ವೇಗವೇ. ಕುಣಿಯುವವರಿಗೆ ನೆಲದಲ್ಲಿ ಸಮನಾದ ದಬ್ ದಬ್ ಸಿಗುತ್ತದೆ, ಮೇಲೆ ಮೂರರ ತೂಗು ಹಾಗೇ ಉಳಿಯುತ್ತದೆ. ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ತಾಳದ ಸದ್ದು) ಕೂಡ ಮೂರರ ಲೆಕ್ಕದಲ್ಲಿ ಇರಲಿ. ಎಫ್‌ಎಲ್ ಸ್ಟುಡಿಯೋದಲ್ಲಿ ಸ್ನ್ಯಾಪ್ ಅನ್ನು, ಅಂದರೆ ಸದ್ದುಗಳು ಅಂಟಿಕೊಳ್ಳುವ ಗೆರೆಗಳ ಅಳತೆಯನ್ನು, ಬೀಟ್‌ನ ಮೂರನೇ ಒಂದು ಭಾಗಕ್ಕೆ ಇಟ್ಟರೆ ಗೆರೆಗಳು ಸರಿಯಾಗಿ ಬರುತ್ತವೆ. ಇಷ್ಟು ಮಾಡಿದ ರೀಮಿಕ್ಸ್ ಒಂದು ಕೇಳಿದ್ದೇನೆ, ಸವದತ್ತಿ ಯಲ್ಲಮ್ಮನ ಭಕ್ತಿಗೀತೆಯದ್ದು. ಮೂಲ ಧ್ವನಿಮುದ್ರಣದಲ್ಲಿ ಅಗ್ಗದ ಕೀಬೋರ್ಡ್ ರಿದಮ್ ಇತ್ತು, ಸಪ್ಪೆ. ರೀಮಿಕ್ಸ್‌ನಲ್ಲಿ ಅದು ಹೋಗಿ ಚೌಡಕಿ (ಯಲ್ಲಮ್ಮನ ಪದಗಳಿಗೆ ನುಡಿಸುವ ತಂತಿ ವಾದ್ಯ) ಮುಂದೆ ಬಂದಿತ್ತು, ಕೆಳಗೆ ಎರಡು ಕಿಕ್. ಕೇಳಿದ ಕೂಡಲೇ ಇದು ಮೊದಲೇ ಹೀಗೆ ಇರಬೇಕಿತ್ತು ಅನ್ನಿಸಿತು.

ಇನ್ನೊಂದು. ಧಾರವಾಡ-ಗದಗಿನ ಕೇಳುಗರಿಗೆ ಇದನ್ನು ವಿವರಿಸುವುದು ಸುಲಭ. ಖಯಾಲ್ ಗಾಯನದಲ್ಲಿ ಬಂದಿಶ್ ಅಂದರೆ ನಾಲ್ಕಾರು ಸಾಲು. ಸಾಹಿತ್ಯ ಎಷ್ಟೋ ಸಲ ತೀರಾ ಸಾಮಾನ್ಯ. ಆದರೆ ಮುಖಡಾ (ಬಂದಿಶ್‌ನ ಮೊದಲ ತುಂಡು) ಹಿಡಿದು ಸಮಕ್ಕೆ (ತಾಳದ ಮೊದಲ ಮಾತ್ರೆಗೆ) ಬರುವ ರೀತಿಯಲ್ಲಿ ಗಾಯಕರು ಅದನ್ನು ಗಂಟೆಗಟ್ಟಲೆ ಬೆಳೆಸುತ್ತಾರೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇದ್ದ ಊರು ನಮ್ಮದು. ಇಲ್ಲಿ ಚಿಕ್ಕ ಮಕ್ಕಳಿಗೂ ಸಮ ಎಲ್ಲಿ ಬೀಳುತ್ತದೆ ಅಂತ ಗೊತ್ತು. ಒಳ್ಳೆ ರೀಮಿಕ್ಸ್‌ನ ಡ್ರಾಪ್ (ಬೀಟ್ ಮತ್ತೆ ಬೀಳುವ ಜಾಗ) ಕೂಡ ಸಮವೇ. ಕಾಯಿಸಿ, ಸರಿಯಾದ ಜಾಗಕ್ಕೆ ತಂದು ಇಡಬೇಕು. ನಡುವೆ ಎಲ್ಲೆಂದರಲ್ಲಿ ಬೀಳಿಸಿದರೆ ತಬಲಾದವನು ಮುಖ ನೋಡುತ್ತಾನೆ.

ಸಪ್ತಾಪುರ_ಹಾಸ್ಟೆಲ್

ಬೆಟಗೇರಿ ಅಣ್ಣಾ, ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಯೂಟ್ಯೂಬ್ ಪಾಠಗಳಲ್ಲಿ ಎಲ್ಲವೂ ನಾಲ್ಕರ ಲೆಕ್ಕವೇ. ನಮ್ಮೂರ ಹಾಡು ಹಾಕಿದಾಗ ಏನೋ ತಪ್ಪುತ್ತಿದೆ ಅಂತ ಕಿವಿಗೆ ಗೊತ್ತಾಗುತ್ತಿತ್ತು, ಯಾಕೆ ಅಂತ ತಿಳಿಯುತ್ತಿರಲಿಲ್ಲ. ಇವತ್ತೇ ಮಾಡಿ ನೋಡುತ್ತೇನೆ.

ರಾಣೆಬೆನ್ನೂರು_ನೃತ್ಯ

ನಾನು ಹಾವೇರಿ ಜಿಲ್ಲೆಯಲ್ಲಿ ಶಾಲೆ-ಕಾಲೇಜು ಮಕ್ಕಳಿಗೆ ಡ್ಯಾನ್ಸ್ ಹೇಳಿಕೊಡುತ್ತೇನೆ. ಎಲ್ಲರೂ ಮಾಡುವವರ ಕಡೆಯಿಂದ ಮಾತಾಡುತ್ತಿದ್ದೀರಿ, ಕುಣಿಯುವವರ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ನಾವು ಎಂಟರ ಎಣಿಕೆಯಲ್ಲಿ ಹೆಜ್ಜೆ ಕೂರಿಸುತ್ತೇವೆ. ನಾಲ್ಕು ಎಂಟು ಸೇರಿದರೆ 32 ಬೀಟ್, ಒಂದು ತುಂಡು. ಹಾಡು ಆ ತುಂಡುಗಳಲ್ಲಿ ಬದಲಾದರೆ ಮಕ್ಕಳಿಗೆ ಯಾರೂ ಹೇಳಬೇಕಾಗಿಲ್ಲ, ದೇಹಕ್ಕೇ ಗೊತ್ತಾಗುತ್ತದೆ ಈಗ ಏನೋ ಬರುತ್ತದೆ ಅಂತ. ಸಾಧಾರಣ ಹಾಡುಗಳಲ್ಲಿ ಇದೇ ಕೆಟ್ಟಿರುತ್ತದೆ. ಸಿನಿಮಾ ದೃಶ್ಯಕ್ಕೆ ಬೇಕು ಅಂತ ನಡುವೆ ಎರಡು ಬೀಟ್ ಜಾಸ್ತಿ, ಒಂದು ಕಡೆ ಮಾತು, ಇನ್ನೊಂದು ಕಡೆ ಸುಮ್ನೆ ಎಳೆದ ಸಂಗೀತ. ಮಕ್ಕಳು ಹೆಜ್ಜೆ ಮರೆತರು ಅಂತ ಬೈಯುತ್ತೇವೆ. ಮರೆತದ್ದು ಹಾಡು.

ಒಳ್ಳೆ ರೀಮಿಕ್ಸ್ ಮೊದಲು ಈ ಲೆಕ್ಕ ಸರಿ ಮಾಡುತ್ತದೆ. ಆಮೇಲೆ ಉಸಿರು ಕೊಡುತ್ತದೆ. ಇದು ಬಹಳ ಮುಖ್ಯ. ನಾಲ್ಕು ನಿಮಿಷ ಒಂದೇ ಸಮನೆ ಜೋರಾಗಿರುವ ಹಾಡಿಗೆ ಯಾರೂ ಚೆನ್ನಾಗಿ ಕುಣಿಯಲಾರರು. ಎರಡನೇ ನಿಮಿಷಕ್ಕೆ ಕೈ ಅರ್ಧಕ್ಕೆ ಏಳುತ್ತದೆ. ನಡುವೆ ಕಿಕ್ ತೆಗೆದು 16 ಬೀಟ್ ಬರೀ ದನಿ ಬಿಟ್ಟರೆ, ಅಲ್ಲಿ ನಿಧಾನದ ಒಂದು ಚಲನೆ ಇಡಬಹುದು, ಮಕ್ಕಳು ಉಸಿರು ತೆಗೆದುಕೊಳ್ಳುತ್ತಾರೆ. ಮತ್ತೆ ಕಿಕ್ ಬಂದಾಗ ಅವರು ಜಿಗಿಯುವ ಎತ್ತರವೇ ಬೇರೆ. ನೋಡುವವರಿಗೆ ಹಾಡು ಜೋರಾಯಿತು ಅನ್ನಿಸುತ್ತದೆ. ಸೌಂಡ್ ಅಷ್ಟೇ ಇರುತ್ತದೆ.

ಹಾಗಾಗಿ ವಿದ್ಯಾನಗರದವರಿಗೆ ನನ್ನ ಉತ್ತರ ಇದು. ಸಾಹಿತ್ಯ, ರಾಗ ಎರಡೂ ಅಷ್ಟಕ್ಕಷ್ಟೇ ಇದ್ದರೂ, ಸರಿಯಾದ ಕಡೆ ತುಂಬಿ ಸರಿಯಾದ ಕಡೆ ಖಾಲಿಯಾಗುವ ಹಾಡಿಗೆ ಕುಣಿಯಬಹುದು. ಡ್ಯಾನ್ಸ್ ಹಾಡಿನಲ್ಲಿ ಅದೂ ಒಂದು ಗುಣವೇ. ಅದಕ್ಕೆ ಮಾರ್ಕು ಕೊಡಲೇಬೇಕು.

ವಿದ್ಯಾನಗರ_ಕೇಳುಗ

ಇದು ಒಳ್ಳೆ ಮಾತು. ನಾನು ಕುರ್ಚಿಯಲ್ಲಿ ಕೂತು ಕೇಳುವವನು, ನನ್ನ ಅಳತೆ ಅಲ್ಲಿಂದ ಬರುತ್ತದೆ. ಆದರೂ ಮನೆಯಲ್ಲಿ ಮತ್ತೆ ಮತ್ತೆ ಕೇಳಬೇಕು ಅನ್ನಿಸುವ ರೀಮಿಕ್ಸ್ ತೀರಾ ಕಡಿಮೆ. ಆ ಮಟ್ಟಕ್ಕೆ ಬಂದರೆ ಮಾತ್ರ ಹಾಡು 'ಬದಲಾಯಿತು' ಅನ್ನುತ್ತೇನೆ.

ಹಳೇಹುಬ್ಬಳ್ಳಿ_ಸೌಂಡ್

ಗಣಪತಿ ಹಬ್ಬಕ್ಕೆ ಟ್ರಾಕ್ಟರ್ ಮೇಲೆ ಸ್ಪೀಕರ್ ಕಟ್ಟುವವರು ನಾವು. ಚರ್ಚೆ ಎಲ್ಲ ಸರಿ, ಆದರೆ ಒಳ್ಳೆ ರೀಮಿಕ್ಸ್ ಕೂಡ ರಸ್ತೆಯಲ್ಲಿ ಯಾಕೆ ಕೆಡುತ್ತದೆ ಅಂತ ಯಾರೂ ಹೇಳಲಿಲ್ಲ.

ಹುಡುಗರು ಮೊಬೈಲ್‌ನಲ್ಲಿ, ಇಯರ್‌ಫೋನ್‌ನಲ್ಲಿ ಕೇಳಿ ಮಿಕ್ಸ್ ಮಾಡುತ್ತಾರೆ. ಮೊಬೈಲ್ ಸ್ಪೀಕರ್‌ಗೆ ಕೆಳಗಿನ ಸದ್ದು ಬರುವುದೇ ಇಲ್ಲ. ಕಿಕ್‌ನ ಹೊಟ್ಟೆ ಇರುವುದು 50-60 ಹರ್ಟ್ಸ್ ಆಸುಪಾಸು. ಅದು ಕೇಳಿಸುತ್ತಿಲ್ಲ ಅಂತ ಏರಿಸುತ್ತಾ ಹೋಗುತ್ತಾರೆ. ನಮ್ಮ ಹದಿನೆಂಟು ಇಂಚಿನ ಬೇಸ್ ಮೇಲೆ ಹಾಕಿದಾಗ ಬರೀ ಗುಂಯ್ ಅನ್ನುತ್ತದೆ, ಹಾಡಿದವರ ದನಿ ಮುಳುಗಿ ಹೋಗುತ್ತದೆ. ಕಿಕ್ ಮತ್ತು ಬೇಸ್ ಎರಡೂ ಒಂದೇ ಜಾಗದಲ್ಲಿ ಕೂತಿದ್ದರೆ ಇನ್ನೂ ಕಷ್ಟ. ಒಂದು ಬಂದಾಗ ಇನ್ನೊಂದು ಸ್ವಲ್ಪ ಬಗ್ಗಬೇಕು. ಅದಕ್ಕೇ ಸೈಡ್‌ಚೈನ್ ಅನ್ನುವುದು ಇರುವುದು. ಕಿಕ್ ಬಿದ್ದ ಕ್ಷಣ ಬೇಸ್ ತಾನಾಗಿ ತಗ್ಗಿ ಮತ್ತೆ ಏಳುತ್ತದೆ. ಆ ಏರಿಳಿತದಿಂದಲೇ ಹಾಡಿಗೆ ಉಸಿರಾಡುವ ಗುಣ ಬರುತ್ತದೆ.

ಬೇಸ್ ಅನ್ನು ಎಡಕ್ಕೆ-ಬಲಕ್ಕೆ ಅಗಲ ಮಾಡಬೇಡಿ. ಮೆರವಣಿಗೆಯಲ್ಲಿ ಎರಡೂ ಕಡೆಯ ಸದ್ದನ್ನು ಸೇರಿಸಿ ಮೋನೋ ಮಾಡಿಯೇ ಬಿಡುತ್ತೇವೆ. ಎಡದ ಅಲೆ ಏರುವಾಗ ಬಲದ್ದು ಇಳಿಯುತ್ತಿದ್ದರೆ ಒಂದನ್ನೊಂದು ತಿಂದುಹಾಕುತ್ತವೆ. ಮನೆಯಲ್ಲಿ ದಪ್ಪ ಇದ್ದ ಬೇಸ್ ಅಲ್ಲಿ ಮಾಯ.

ಯೂಟ್ಯೂಬ್‌ನಿಂದ ಇಳಿಸಿದ ಎಂಪಿ3 ಮೇಲೆ ರೀಮಿಕ್ಸ್ ಮಾಡಿ, ಮತ್ತೆ ಎಂಪಿ3 ಮಾಡಿ, ವಾಟ್ಸಾಪ್‌ನಲ್ಲಿ ಕಳಿಸಿದರೆ ಕಿವಿ ಕೊರೆಯುವ ಸದ್ದು ಬಿಟ್ಟು ಬೇರೇನೂ ಉಳಿಯುವುದಿಲ್ಲ. ಮೇಲೆ ಒಬ್ಬರು 'ಟಾಮ್ಸ್ ಡೈನರ್' ಹೆಸರು ಹೇಳಿದರು. ಎಂಪಿ3 ತಂತ್ರ ರೂಪಿಸುವಾಗ ಜರ್ಮನಿಯ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಪರೀಕ್ಷೆಗೆ ಇಟ್ಟುಕೊಂಡ ಹಾಡುಗಳಲ್ಲಿ ಅದರ ಮೂಲವೂ ಒಂದು. ಒಬ್ಬಳೇ ಹಾಡಿದ ಬರೀ ದನಿ ಕೆಡದ ಹಾಗೆ ಚಿಕ್ಕದು ಮಾಡುವುದೇ ಅತಿ ಕಷ್ಟ ಅಂತ. ನಮ್ಮ ಹುಡುಗರು ಗಾಯಕಿಯ ದನಿಯನ್ನು ಅಷ್ಟು ಗಮನ ಕೊಟ್ಟು ಕೇಳಲಿ ಅನ್ನುವುದು ನನ್ನ ಆಸೆ.

ರಾತ್ರಿ 10ರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ, 2000ನೇ ಇಸವಿಯ ನಿಯಮ. ಹಬ್ಬಕ್ಕೆ ಅಂತ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ನಡುರಾತ್ರಿ ತನಕ ಬಿಡಬಹುದು. ಕಡಿಮೆ ಸೌಂಡ್‌ನಲ್ಲೂ ಕುಣಿಸುವ ರೀಮಿಕ್ಸ್ ಕೊಟ್ಟರೆ ನಮಗೂ ಒಳ್ಳೆಯದು, ಓಣಿಯ ಹಿರಿಯರಿಗೂ ಒಳ್ಳೆಯದು. ಚೆನ್ನಾಗಿ ಮಾಡಿದ ಮಿಕ್ಸ್‌ಗೆ ಅರ್ಧ ಪವರ್ ಸಾಕು. ಇದು ಕೆಲಸ ಮಾಡಿ ಕಂಡ ಮಾತು.

ಕೊಪ್ಪೀಕರ್‌ರಸ್ತೆ_ಕ್ಯಾಸೆಟ್

ಇತಿಹಾಸ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ರೀಮಿಕ್ಸ್ ಹುಟ್ಟಿದ್ದೇ ರಾಣೆಬೆನ್ನೂರಿನವರು ಹೇಳಿದ ಕಾರಣಕ್ಕೆ.

1970ರ ದಶಕದಲ್ಲಿ ನ್ಯೂಯಾರ್ಕ್ ಕಡೆ ಟಾಮ್ ಮೌಲ್ಟನ್ ಅನ್ನುವವರು ಕುಣಿಯುವವರನ್ನು ಗಮನಿಸಿದರು. ಮೂರು ನಿಮಿಷಕ್ಕೆ ಹಾಡು ಮುಗಿದಾಗ, ಹುರುಪು ಏರುತ್ತಿದ್ದ ಹೊತ್ತಿನಲ್ಲೇ ಜನ ನೆಲ ಬಿಟ್ಟು ಹೋಗುತ್ತಿದ್ದರು. ಅವರು ಟೇಪ್ ಕತ್ತರಿಸಿ, ಅಂಟಿಸಿ, ಹಾಡುಗಳನ್ನು ಉದ್ದ ಮಾಡಿದರು. ಮುಂದೆ ಒಂದು ಸಲ ಏಳು ಇಂಚಿನ ಖಾಲಿ ಡಿಸ್ಕ್ ಮುಗಿದಿತ್ತು ಅಂತ ದೊಡ್ಡ ಡಿಸ್ಕ್ ಮೇಲೆ ಕೊರೆಸಿದರು. ಜಾಗ ಜಾಸ್ತಿ ಇದ್ದದ್ದರಿಂದ ಗೆರೆಗಳನ್ನು ಅಗಲಕ್ಕೆ ಹರಡಬಹುದಿತ್ತು. ಸದ್ದು ಜೋರಾಯಿತು, ಬೇಸ್ ಗಟ್ಟಿಯಾಯಿತು. ಡಿಜೆಗಳ ಹನ್ನೆರಡು ಇಂಚಿನ ರೆಕಾರ್ಡ್ ಬಂದದ್ದು ಹೀಗೆ. 1976ರಲ್ಲಿ ಡಬಲ್ ಎಕ್ಸ್‌ಪೋಷರ್ ತಂಡದ 'ಟೆನ್ ಪರ್ಸೆಂಟ್' ಹಾಡನ್ನು ವಾಲ್ಟರ್ ಗಿಬ್ಬನ್ಸ್ ಒಂಬತ್ತು ನಿಮಿಷ ದಾಟುವಷ್ಟು ಬೆಳೆಸಿದರು. ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಮೊದಲ ಹನ್ನೆರಡು ಇಂಚಿನ ಸಿಂಗಲ್ ಅಂತ ಹೆಸರು ಅದಕ್ಕೆ.

ಅದಕ್ಕೂ ಮುಂಚೆ ಜಮೈಕಾದಲ್ಲಿ ಕಿಂಗ್ ಟಬ್ಬಿ ಹಾಡಿನಿಂದ ದನಿಯನ್ನು ತೆಗೆದು, ಡ್ರಮ್-ಬೇಸ್ ಮುಂದೆ ತಂದು, ಎಕೋ ಹಾಕಿ ಡಬ್ ಮಾಡುತ್ತಿದ್ದರು. ಗೋಕುಲರಸ್ತೆಯವರು ಹೇಳಿದ 'ತೆಗೆದು ಹಾಕುವ' ಕೆಲಸದ ಮೂಲ ಪುರುಷ ಅವರೇ. ಅವರ ನಿಜ ಕಸುಬು ರೇಡಿಯೋ, ಆಂಪ್ಲಿಫೈಯರ್ ರಿಪೇರಿ. ಸೌಂಡ್ ಅಣ್ಣನಿಗೆ ಇದು ಖುಷಿಯಾಗಬಹುದು.

ನಮ್ಮ ದೇಶದಲ್ಲಿ 1990ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನ ಬ್ಯಾಲಿ ಸಾಗೂ ಮಾಡಿದ ಹಳೇ ಹಿಂದಿ ಹಾಡುಗಳ ರೀಮಿಕ್ಸ್ ಬಂದವು. ಹುಬ್ಬಳ್ಳಿಯಲ್ಲಿ ಕ್ಯಾಸೆಟ್ ಅಂಗಡಿಗಳಲ್ಲಿ ಹಾಕಿ ಕೇಳಿಸುತ್ತಿದ್ದರು. 2000ದ ನಂತರ ರೀಮಿಕ್ಸ್‌ಗಳ ಮಹಾಪೂರವೇ ಬಂತು. ಅದರಲ್ಲಿ ಹೆಚ್ಚಿನವು ಹಾಡಿಗಿಂತ ವಿಡಿಯೋ ನಂಬಿದ್ದವು. ಕಿವಿಯಲ್ಲಿ ಉಳಿದದ್ದು ಕೆಲವೇ.

ಶಿಗ್ಗಾಂವಿ_ಪದ

ಎಲ್ಲ ಓದಿದೆ. ಒಂದು ವಿಷಯ ಯಾರೂ ಎತ್ತಲಿಲ್ಲ, ನನಗೆ ಅದೇ ದೊಡ್ಡದು. ಹಾಡು ಬರೆದವರು, ಹಾಡಿದವರು ಎಲ್ಲಿ?

ನಮ್ಮ ಕಡೆ ಜಾನಪದ ಹಾಡು ಬರೆಯುವವರು ಬಹಳ ಮಂದಿ ಹೊಲದ ಕೆಲಸದ ಜೊತೆಗೆ ಬರೆಯುವವರು. ಗಾಯಕಿಯರು ಒಂದು ದಿನದ ಕೂಲಿಯಷ್ಟಕ್ಕೆ ಹಾಡಿ ಬಂದಿರುತ್ತಾರೆ. ರೀಮಿಕ್ಸ್ ಬಂದಾಗ ಹಾಡಿನ ತುಂಬ ಡಿಜೆ ಹೆಸರು, ಮಂಡಳಿಯ ಹೆಸರು, ಊರಿನ ಹೆಸರು. ಹಾಡಿದವಳ ಹೆಸರು ಎಲ್ಲೂ ಇಲ್ಲ. ನನ್ನ ಪರಿಚಯದ ಗಾಯಕಿ ಒಬ್ಬರು ತಮ್ಮ ದನಿಯನ್ನು ಜಾತ್ರೆಯಲ್ಲಿ ಕೇಳಿದರು. ಶ್ರುತಿ ಎಷ್ಟು ಏರಿಸಿದ್ದರು ಅಂದರೆ ಅವರ ಮಗಳಿಗೇ ಗುರುತು ಸಿಗಲಿಲ್ಲ. ಅವರಿಗೆ ಸಿಟ್ಟು ಬರಲಿಲ್ಲ, ಬೇಜಾರಾಯಿತು. ನನಗೆ ಸಿಟ್ಟು ಬಂತು.

ಕಾನೂನು ಗೊತ್ತಿರಲಿ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿ ಆದ ಮೇಲೆ, ಹಾಡು ಮೊದಲು ಮುದ್ರಣವಾದ ವರ್ಷ ಮುಗಿದು ಐದು ವರ್ಷ ಆಗುವ ತನಕ ಹಕ್ಕುದಾರರ ಒಪ್ಪಿಗೆ ಇಲ್ಲದೆ ಅದರ ಕವರ್ (ಅದೇ ಹಾಡನ್ನು ಬೇರೆಯವರು ಮತ್ತೆ ಹಾಡುವುದು) ಕೂಡ ಹೊಸದಾಗಿ ಮಾಡುವ ಹಾಗಿಲ್ಲ. ಆಮೇಲೂ ಮುಂಚೆ ತಿಳಿಸಬೇಕು, ರಾಯಧನ ಕೊಡಬೇಕು, ಸಾಹಿತ್ಯ-ಸಂಗೀತ ಬದಲಿಸುವ ಹಾಗಿಲ್ಲ. ಅದು ಕವರ್ ಮಾತಾಯಿತು. ಮೂಲ ಧ್ವನಿಮುದ್ರಣವನ್ನೇ ಎತ್ತಿ ರೀಮಿಕ್ಸ್ ಮಾಡುವುದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕೇ ಬೇಕು. ಡಿಎನ್‌ಎ ಕೂಡ ಮೊದಲು ಕೇಳದೆಯೇ ಮಾಡಿದ್ದರು. ಸುಜಾನ್ ವೇಗಾಗೆ ಅದು ಹಿಡಿಸಿತು, ಕಂಪನಿ ಅದನ್ನು ಕೊಂಡು ಅಧಿಕೃತವಾಗಿ ಬಿಡುಗಡೆ ಮಾಡಿತು. ಹಾಡಿದವಳ ಹೆಸರೂ ಅದರ ಮೇಲೆ ಇತ್ತು. ನಮ್ಮಲ್ಲಿ ಅಷ್ಟಾದರೂ ಆಗಲಿ.

ಶಿಶುನಾಳ ಶರೀಫರ ಪದಗಳಲ್ಲಿ ಕೊನೆಗೆ ಶಿಶುನಾಳಧೀಶನ ಅಂಕಿತ ಬರುತ್ತದೆ. ಇಷ್ಟು ವರ್ಷ ಯಾರು ಯಾವ ಧಾಟಿಯಲ್ಲಿ ಹಾಡಿದರೂ ಪದ ಯಾರದ್ದು ಅಂತ ಗೊತ್ತಾಗುತ್ತದೆ. ಇವತ್ತಿನ ರೀಮಿಕ್ಸ್‌ಗಳಲ್ಲಿ ಮೊದಲು ಕತ್ತರಿ ಬೀಳುವುದೇ ಹಾಡಿನ ಕೊನೆಯ ನುಡಿಗೆ.

ಗೋಕುಲರಸ್ತೆ_ಮಿಕ್ಸ್

ಶಿಗ್ಗಾಂವಿಯವರ ಮಾತಿಗೆ ಪೂರ್ತಿ ಒಪ್ಪಿಗೆ. ನಾನು ಹಾಕುವ ಪಟ್ಟಿಯಲ್ಲಿ ಇನ್ನು ಮೇಲೆ ಬರೆದವರ, ಹಾಡಿದವರ ಹೆಸರು ಇಲ್ಲದ ರೀಮಿಕ್ಸ್ ಇರುವುದಿಲ್ಲ. ಕಾರ್ಯಕ್ರಮದಲ್ಲಿ ಮೈಕ್ ಹಿಡಿದು ಹೆಸರು ಹೇಳಲು ಎಷ್ಟು ಹೊತ್ತು ಬೇಕು? ಮಿಕ್ಸ್ ಮಾಡುವ ಗೆಳೆಯರಿಗೂ ಹೇಳುತ್ತೇನೆ. ಡಿಜೆ ಹೆಸರು ಕೂಗುವ ಟ್ಯಾಗ್ ಹಾಡಿನ ಶುರುವಿನಲ್ಲಿ ಒಂದೇ ಸಲ ಸಾಕು. ದನಿ ಒಂಟಿಯಾಗಿ ನಿಂತ ಜಾಗದಲ್ಲಿ ಟ್ಯಾಗ್ ಹಾಕಿದರೆ ನೀವೇ ಕಟ್ಟಿದ್ದನ್ನು ನೀವೇ ಕೆಡವಿದ ಹಾಗೆ.

ಸಪ್ತಾಪುರ_ಹಾಸ್ಟೆಲ್

ಬೆಟಗೇರಿ ಅಣ್ಣ ಹೇಳಿದ ಹಾಗೆ ಸ್ನ್ಯಾಪ್ ಬದಲಿಸಿ ಮಾಡಿದೆ. ತೂಗು ಉಳಿಯಿತು! ರೂಮಿನಲ್ಲಿದ್ದ ಗೆಳೆಯ ಕೇಳದೆಯೇ ಕಾಲು ತಟ್ಟಲು ಶುರು ಮಾಡಿದ. ಆದರೆ ದನಿ ಬೇರೆ ಮಾಡುವುದು ಕಷ್ಟವಾಗುತ್ತಿದೆ. ಸ್ಟೆಮ್, ಅಂದರೆ ದನಿ, ವಾದ್ಯ ಬೇರೆ ಬೇರೆ ಬಿಡಿಸುವ ಸಾಫ್ಟ್‌ವೇರ್ ಹಾಕಿದರೆ ದನಿಯ ಜೊತೆ ಶಹನಾಯಿ ಕೂಡ ಬರುತ್ತದೆ. ಏನು ಮಾಡಬೇಕು?

ಗೋಕುಲರಸ್ತೆ_ಮಿಕ್ಸ್

ಸ್ಪ್ಲೀಟರ್, ಡೆಮಕ್ಸ್ ಅನ್ನುವ ಈ ಸಾಫ್ಟ್‌ವೇರ್‌ಗಳೆಲ್ಲ ಕಲಿತಿರುವುದು ಹೆಚ್ಚಾಗಿ ಪಾಶ್ಚಾತ್ಯ ಬ್ಯಾಂಡ್ ಹಾಡುಗಳ ಮೇಲೆ. ದನಿ, ಡ್ರಮ್, ಬೇಸ್, ಉಳಿದದ್ದು ಅಂತ ನಾಲ್ಕು ಭಾಗ ಮಾಡುತ್ತವೆ. ಶಹನಾಯಿ ಮನುಷ್ಯರ ದನಿಯ ಹಾಗೆಯೇ ಜಾರುತ್ತದೆ, ಹಾಗಾಗಿ ಅವಕ್ಕೆ ಗೊಂದಲ. ದಾರಿ ಎರಡು. ಶಹನಾಯಿ ಇಲ್ಲದ ಸಾಲನ್ನು ಆರಿಸಿ. ಅಥವಾ ಶಹನಾಯಿಯನ್ನು ತೆಗೆಯಲು ಒದ್ದಾಡದೆ ಅದನ್ನೂ ಹುಕ್‌ನ (ಕಿವಿಯಲ್ಲಿ ಉಳಿಯುವ ತುಂಡಿನ) ಭಾಗ ಮಾಡಿ. ನಿನ್ನ ಹಾಡಿನಲ್ಲಿ ಎರಡನೆಯದೇ ಚೆನ್ನ ಅನ್ನಿಸುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಮೂಲ ಸ್ಟುಡಿಯೋಗೆ ಹೋಗಿ ಬರೀ ದನಿಯ ಫೈಲ್ ಕೇಳುವುದು. ಊರಲ್ಲೇ ಮಾಡಿದ ಹಾಡಾದರೆ ಎಷ್ಟೋ ಸಲ ಕೊಡುತ್ತಾರೆ. ಒಪ್ಪಿಗೆಯೂ ಅಲ್ಲೇ ಸಿಗುತ್ತದೆ.

ವೇಗ ಬಹಳ ಏರಿಸಬೇಡ. ಹಳೇ ಟರ್ನ್‌ಟೇಬಲ್‌ನಲ್ಲಿ ನೂರಕ್ಕೆ ಆರರಷ್ಟು ವೇಗ ಏರಿಸಿದರೆ ಶ್ರುತಿ ಅರ್ಧ ಸ್ವರ ಮೇಲೆ ಹೋಗುತ್ತಿತ್ತು. ಈಗ ಸಾಫ್ಟ್‌ವೇರ್ ಶ್ರುತಿ ಹಿಡಿದಿಟ್ಟು ವೇಗ ಮಾತ್ರ ಬದಲಿಸುತ್ತದೆ, ಆದರೆ ಜಾಸ್ತಿ ಎಳೆದರೆ ದನಿ ಹರಿಯುತ್ತದೆ. ನೂರಕ್ಕೆ ಹತ್ತರ ಒಳಗೆ ಇದ್ದರೆ ಚೆನ್ನ.

ಬೆಟಗೇರಿ_ತಬಲಾ

ಹಾಸ್ಟೆಲ್ ತಮ್ಮಾ, ನಮ್ಮ ಓಣಿಯಲ್ಲಿ ಹಲಗಿ ಬಾರಿಸುವ ಹಿರಿಯರೊಬ್ಬರು ಇದ್ದಾರೆ. ಆರು ಮಾತ್ರೆಯಲ್ಲಿ ಅವರು ಹಾಕುವ ಉರುಳಿಕೆ ಯಾವ ಲೂಪ್ ಪ್ಯಾಕ್‌ನಲ್ಲೂ ಸಿಗುವುದಿಲ್ಲ. ಕೇಳಿದೆ, ಬಾರಿಸಿ ಕೊಡುತ್ತೇನೆ ಅಂದಿದ್ದಾರೆ. ಅವರ ಹೆಸರು ಹಾಕಬೇಕು, ಬಂದ ದುಡ್ಡಿನಲ್ಲಿ ಪಾಲು ಕೊಡಬೇಕು, ಇದು ನನ್ನ ಷರತ್ತು. ಮೆಟ್ರೊನೋಮ್ ಕಿವಿಯಲ್ಲಿ ಇಟ್ಟರೆ ಅವರ ಕೈ ಬಿಗಿಯುತ್ತದೆ. ಹಾಗಾಗಿ ಅವರ ವೇಗಕ್ಕೇ ಬಾರಿಸಲಿ, ಆಮೇಲೆ ನೀನು ಕಿಕ್ ಅನ್ನು ಅವರ ಹಿಂದೆ ತಾ.

ಹಳೇಹುಬ್ಬಳ್ಳಿ_ಸೌಂಡ್

ಮೈಕ್ ನನ್ನ ಹತ್ತಿರ ಇದೆ, ತರುತ್ತೇನೆ. ಹಲಗಿಗೆ ತೀರಾ ಹತ್ತಿರ ಇಡುವುದು ಬೇಡ, ಬಯಲಲ್ಲಿ ಎರಡು ಮೊಳ ದೂರ ಇಟ್ಟರೆ ಚರ್ಮದ ಸದ್ದು ಸರಿಯಾಗಿ ಬರುತ್ತದೆ. ರಂಗಪಂಚಮಿಯ ಹೊತ್ತಿಗೆ ಸಿಕ್ಕಿದರೆ ಜಗ್ಗಲಗಿಯನ್ನೂ ಹಿಡಿಯೋಣ. ಬಂಡಿ ಗಾಲಿಯಷ್ಟು ದೊಡ್ಡ ವಾದ್ಯ ಅದು. ಅದರ ಕೆಳಸದ್ದು ಇದ್ದರೆ ಬೇರೆ ಕಿಕ್ ಬೇಕಾಗುತ್ತದೋ ಇಲ್ಲವೋ ನೋಡಬೇಕು.

ರಾಣೆಬೆನ್ನೂರು_ನೃತ್ಯ

ಆ ಹಲಗಿ ಹಾಕಿದ ರೀಮಿಕ್ಸ್ ಮುಗಿದ ಕೂಡಲೇ ನಮ್ಮ ಮಕ್ಕಳಿಗೆ ಕಳಿಸಿ. ಶುರುವಿಗೆ 32 ಬೀಟ್ ಬರೀ ಹಲಗಿ ಇರಲಿ, ವೇದಿಕೆಗೆ ಬಂದು ನಿಲ್ಲಲು ಅಷ್ಟು ಬೇಕು. ನಡುವೆ ಗಾಯಕಿಯ ದನಿ ಒಂಟಿಯಾಗಿ ಬರುವ ಜಾಗ ಸಣ್ಣದು ಮಾಡಬೇಡಿ. ಮತ್ತೆ, ಹಾಡಿನ ಕೊನೆಯ ನುಡಿ ಕತ್ತರಿಸದೆ ಪೂರ್ತಿ ಇಡಿ.